ಹಾಫ್‌ಸ್ಟಾಟ್ ಸೇತುವೆ ಯಾಕೆ ಅಷ್ಟು ಎತ್ತರ?

ಪ್ರಶ್ನೆ: ಅಪ್ಪ ಅಮ್ಮನಿಗೆ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ತೋರಿಸಲು ಸಿಯಾಟಲ್‌ನಿಂದ ಕಾರಲ್ಲಿ ಹೋಗಿದ್ದೆವು. 504ನೇ ಹೆದ್ದಾರಿಯ ಹಾಫ್‌ಸ್ಟಾಟ್ ಸೇತುವೆ ಬಂದಾಗ ಅಮ್ಮ ಕೆಳಗೆ ನೋಡಿ ಅಪ್ಪನ ಕೈ ಹಿಡಿದುಕೊಂಡರು. ಒಂದು ಹಳ್ಳಕ್ಕೆ ಇಷ್ಟು ಎತ್ತರ ಯಾಕೆ?

ಉತ್ತರ: ಹಳೇ ರಸ್ತೆ ಕೆಳಗೆ, ಟೂಟಲ್ ನದಿ ಕಣಿವೆಯಲ್ಲೇ ಇತ್ತು. 1980ರ ಮೇ 18ರಂದು ಜ್ವಾಲಾಮುಖಿ ಸ್ಫೋಟದ ವೇಳೆ ಬೆಟ್ಟದ ಉತ್ತರ ಮಗ್ಗುಲೇ ಕುಸಿಯಿತು. ಕಲ್ಲು, ಕೆಸರು ಕಣಿವೆಗೆ ನುಗ್ಗಿ ರಸ್ತೆ, ಸೇತುವೆಗಳನ್ನು ನುಂಗಿದವು. 57 ಜನ ಸತ್ತರು. ಅದಕ್ಕೇ ಹೊಸ ರಸ್ತೆಯನ್ನು ಗುಡ್ಡದ ಮೇಲೆ ತಂದರು. ಹಳ್ಳ ದಾಟಲು 370 ಅಡಿ ಎತ್ತರ ಬೇಕಾಯಿತು. ಸರಿಯಾದ ನಿರ್ಧಾರ ಅಲ್ವಾ?

ಪ್ರಶ್ನೆ ಕೇಳಿದವರು: ಖಂಡಿತ! ಮುಂದೆ ಜ್ವಾಲಾಮುಖಿ ನೋಡುವ ಜಾಗ ಜಾನ್‌ಸ್ಟನ್ ರಿಡ್ಜ್‌ವರೆಗೂ ಹೋಗಬಹುದಾ?

ಇನ್ನೊಬ್ಬರು: 2023ರ ಮೇನಲ್ಲಿ ಮಣ್ಣು ಕುಸಿದು ಅಲ್ಲಿಯ ಚಿಕ್ಕ ಸೇತುವೆ ಕೊಚ್ಚಿಹೋಯಿತು. ಹೊರಡುವ ಮೊದಲು ದಾರಿ ತೆರೆದಿದೆಯಾ ನೋಡಿಕೊಳ್ಳಿ.