ಜರ್ಮನಿಗೆ ಪತಿಯ ಬಳಿ ಹೋಗುವವರ ವಾಸ ಮತ್ತು ಕೆಲಸದ ಪರವಾನಗಿ: ನನ್ನ ಅನುಭವ

ಪತಿ ಬ್ಲೂ ಕಾರ್ಡ್ (ಉನ್ನತ ವಿದ್ಯಾರ್ಹತೆಯ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ) ಮೇಲೆ ಮ್ಯೂನಿಕ್‌ನಲ್ಲಿದ್ದಾರೆ, ತಾವು ಮೈಸೂರಿನಿಂದ ಹೊರಡಲಿದ್ದೀರಿ, ಅಲ್ಲಿ ದುಡಿಯಲು ಬೇರೆ ಅರ್ಜಿ ಹಾಕಬೇಕೇ, ವಾಸದ ಪರವಾನಗಿಯ ಕಾರ್ಡ್ ಬರುವ ಮೊದಲೇ ವೀಸಾ ಮುಗಿದರೆ ಏನು ಗತಿ ಎಂದು ಕೇಳಿದ್ದೀರಿ. ಇದೇ ದಾರಿಯಲ್ಲಿ ಬಂದವಳಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಕೆಲಸಕ್ಕೆ ಪ್ರತ್ಯೇಕ ಅರ್ಜಿ ಬೇಕಿಲ್ಲ. ಕಾನೂನು ನಿರ್ಬಂಧಿಸದ ಹೊರತು ವಾಸದ ಪರವಾನಗಿಯ ಜೊತೆಗೇ ದುಡಿಯುವ ಹಕ್ಕೂ ಬರುತ್ತದೆ ಎನ್ನುತ್ತದೆ ಅಲ್ಲಿನ ವಾಸ ಕಾಯ್ದೆಯ 4ಎ ಕಲಂ. ಪಾಸ್‌ಪೋರ್ಟಿಗೆ ಅಂಟಿಸಿದ ವೀಸಾ ಚೀಟಿಯಲ್ಲಿ ‘ಎರ್‌ವೆರ್ಬ್ಸ್‌ಟೇಟಿಗ್‌ಕೈಟ್ ಎರ್‌ಲೌಬ್ಟ್’ (ದುಡಿಮೆಗೆ ಅನುಮತಿ ಇದೆ) ಎಂದು ಅಚ್ಚಾಗಿದ್ದರೆ ಕಾರ್ಡಿಗಾಗಿ ಕಾಯದೆ ಕೆಲಸಕ್ಕೆ ಸೇರಬಹುದು. ನನ್ನನ್ನು ಆಯ್ಕೆ ಮಾಡಿಕೊಂಡ ಕಂಪನಿಯವರು ಕಾರ್ಡೇ ಬೇಕೆಂದು ಪಟ್ಟು ಹಿಡಿದಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಒಪ್ಪಿದರು.

ಎರಡನೆಯ ಪ್ರಶ್ನೆಯೇ ಹೆಚ್ಚು ನಿದ್ದೆಗೆಡಿಸುವಂಥದ್ದು. ದೊಡ್ಡ ನಗರಗಳ ವಿದೇಶಿಯರ ಕಚೇರಿಯಲ್ಲಿ ಭೇಟಿಯ ದಿನ ಸಿಗುವುದು ಕಷ್ಟ. ಆದರೆ ವೀಸಾ ಮುಗಿಯುವ ಮೊದಲೇ ಆ ಕಚೇರಿಗೆ ವಾಸದ ಪರವಾನಗಿಯ ಅರ್ಜಿ ಸಲ್ಲಿಸಿದ್ದರೆ, ತೀರ್ಮಾನವಾಗುವವರೆಗೂ ಹಳೆಯ ಅನುಮತಿ, ಕೆಲಸದ ಹಕ್ಕಿನ ಸಮೇತ, ಮುಂದುವರಿಯುತ್ತದೆ. ಇದಕ್ಕೆ ಪುರಾವೆಯಾಗಿ ‘ಫಿಕ್ಟ್ಸಿಯೋನ್ಸ್‌ಬೆಶೈನಿಗುಂಗ್’ ಎಂಬ ಪತ್ರವನ್ನು ಕೇಳಿ ಪಡೆಯಿರಿ. ಆದ್ದರಿಂದ ಭೇಟಿಯ ದಿನಕ್ಕೆ ಕಾಯುತ್ತಾ ಕೂರದೆ ಮೊದಲು ಅರ್ಜಿ ಸಲ್ಲಿಸಿ, ಸಲ್ಲಿಸಿದ ದಿನಾಂಕ ಕಾಣುವ ಸ್ವೀಕೃತಿಯನ್ನು ಜೋಪಾನವಾಗಿಡಿ.

ಹೊರಡುವ ಮೊದಲು ದಯವಿಟ್ಟು ಹೆಸರುಗಳನ್ನು ತಾಳೆ ನೋಡಿ. ನಮ್ಮ ಕಡೆ ಹೆಸರಿನ ಹಿಂದೆ ಊರಿನ, ತಂದೆಯ ಇನಿಷಿಯಲ್ ಇರುವುದು ಸಹಜ. ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದು, ಸಬ್‌ ರಿಜಿಸ್ಟ್ರಾರ್ ಕಚೇರಿಯ ವಿವಾಹ ನೋಂದಣಿ ಪತ್ರದಲ್ಲಿ ಬರೀ ಅಕ್ಷರವಾಗಿ ಉಳಿದಿದ್ದರೆ, ಇಬ್ಬರೂ ಒಬ್ಬರೇ ಎಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಈ ತಿದ್ದುಪಡಿ ಊರಿನಲ್ಲಿರುವಾಗಲೇ ಸುಲಭ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಎ1 (ಆರಂಭಿಕ ಹಂತದ) ಜರ್ಮನ್ ಭಾಷಾ ಪರೀಕ್ಷೆ ಕಡ್ಡಾಯವಲ್ಲವಾದರೂ ಕಲಿತು ಬನ್ನಿ ಎಂದೇ ನನ್ನ ಆಗ್ರಹ; ಕಚೇರಿಯ ಪತ್ರಗಳೆಲ್ಲ ಜರ್ಮನ್‌ನಲ್ಲೇ ಬರುತ್ತವೆ.

ಅಲ್ಲಿ ಮನೆ ಸೇರಿದ 2 ವಾರಗಳೊಳಗೆ, ಮನೆ ಮಾಲೀಕರ ದೃಢೀಕರಣದೊಂದಿಗೆ ವಿಳಾಸ ನೋಂದಾಯಿಸಬೇಕು. ಜೊತೆಗೆ ಟಪಾಲು ಪೆಟ್ಟಿಗೆಯ ಮೇಲೆ ಪತಿಯ ಹೆಸರಿನ ಪಕ್ಕದಲ್ಲಿ ನಿಮ್ಮ ಹೆಸರನ್ನೂ, ಮುಖ್ಯವಾಗಿ ಅವರ ಕುಲನಾಮ ಬೇರೆಯಾಗಿದ್ದರೆ, ಅಂದೇ ಅಂಟಿಸಿ. ಸಂಬಳಕ್ಕೆ ಬೇಕಾದ ತೆರಿಗೆ ಸಂಖ್ಯೆ ಅಂಚೆಯಲ್ಲೇ ಬರುತ್ತದೆ, ಹೆಸರು ಕಾಣದಿದ್ದರೆ ಪತ್ರ ವಾಪಸು ಹೋಗಬಹುದು.