ವೇಪ್ ಟ್ಯಾಂಕ್ ತೊಳೆದರೂ ಹಳೇ ಫ್ಲೇವರ್ ಹೋಗ್ತಿಲ್ಲ: ಪ್ರಶ್ನೋತ್ತರ

ಪ್ರಶ್ನೆ: ನಾನಿರೋದು ಯುಕೆಯಲ್ಲಿ. ಸಿಗರೇಟು ಬಿಟ್ಟು ವೇಪ್‌ಗೆ (ಇ-ಸಿಗರೇಟಿಗೆ) ಬಂದವನು. 2 ಮಿ.ಲೀ. ಗಾಜಿನ ಟ್ಯಾಂಕ್, 0.8 ಓಮ್ ಕಾಯಿಲ್ (ಲಿಕ್ವಿಡ್ಡನ್ನು ಬಿಸಿಮಾಡಿ ಆವಿಯಾಗಿಸುವ ತಂತಿಸುರುಳಿ). ಮೆಂಥಾಲ್ ಮುಗಿಸಿ, ಟ್ಯಾಂಕನ್ನು ಬಿಸಿನೀರಲ್ಲಿ ತೊಳೆದು ಮಾವಿನ ಲಿಕ್ವಿಡ್ ಹಾಕಿದೆ. ಎರಡು ಸಲ ತುಂಬಿಸಿದರೂ ಮೆಂಥಾಲ್ ಹೋಗಿಲ್ಲ. ಟ್ಯಾಂಕೇ ಬದಲಿಸಬೇಕಾ ಸರ್?

ಉತ್ತರ (ವೇಪ್ ಅಂಗಡಿ ತಂತ್ರಜ್ಞ): ಬೇಡ. ಕಾಯಿಲ್ ಬದಲಿಸಿದ ಬಗ್ಗೆ ನೀವು ಬರೆದಿಲ್ಲ, ಎಡವಟ್ಟು ಅಲ್ಲೇ ಇರಬೇಕು. ಗಾಜು ವಾಸನೆ ಹಿಡಿಯಲ್ಲ. ಹಿಡಿಯೋದು ಕಾಯಿಲ್ ಒಳಗಿನ ಹತ್ತಿ, ಆಮೇಲೆ ಸಿಲಿಕೋನ್ ಓ-ರಿಂಗ್‌ಗಳು (ಲಿಕ್ವಿಡ್ ಸೋರದಂತೆ ತಡೆಯುವ ಉಂಗುರಗಳು). ಹತ್ತಿ ಹಳೇ ಲಿಕ್ವಿಡ್ಡನ್ನು ಹೀರಿಕೊಂಡೇ ಇರುತ್ತೆ. ಹೊಸದು ಹಾಕಿದಾಗ ಎರಡೂ ಬೆರೆತು ಬರುತ್ತವೆ. ಹಣ್ಣಿಂದ ಹಣ್ಣಿಗೆ ಹೋದರೆ ಅರ್ಧ ಟ್ಯಾಂಕಲ್ಲಿ ಗೊತ್ತೇ ಆಗದಷ್ಟು ಕರಗಬಹುದು. ಮೆಂಥಾಲ್, ಸೋಂಪು, ದಾಲ್ಚಿನ್ನಿ ಹಾಗಲ್ಲ, ತುಂಬ ಕಡಿಮೆ ಉಳಿದಿದ್ದರೂ ನಾಲಿಗೆಗೆ ಸಿಕ್ಕಿಬಿಡ್ತವೆ.

ಹೀಗೆ ಮಾಡಿ. ಮೊದಲು ಟ್ಯಾಂಕನ್ನು ಬ್ಯಾಟರಿಯಿಂದ ಬಿಡಿಸಿ. ಕೈಗೆ ಗ್ಲೌಸ್ ಇರಲಿ, ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುತ್ತೆ. ಉಳಿದ ಲಿಕ್ವಿಡ್ಡನ್ನು ಟಿಶ್ಯೂಗೆ ಹೀರಿಸಿ, ಮಕ್ಕಳ ಕೈಗೆ ಸಿಗದ ಹಾಗೆ ಕಟ್ಟಿ ಎಸೆಯಿರಿ. ಹಳೇ ಕಾಯಿಲ್ ತೆಗೆದಿಡಿ. ಗಾಜು, ಮೌತ್‌ಪೀಸ್, ಲೋಹದ ಭಾಗಗಳನ್ನು ಬಿಡಿಬಿಡಿ ಮಾಡಿ. ಓ-ರಿಂಗ್‌ಗಳನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ತೆಗೆಯಿರಿ, ಪಿನ್ನು ಹಾಕಿದರೆ ಗೀರು ಬಿದ್ದು ಲೀಕ್ ಆಗುತ್ತೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಮೌತ್‌ಪೀಸಿನ ಒಳಗೂ ಉಜ್ಜಿ. ಕುದಿಯುವ ನೀರು ಬೇಡ, ಗಾಜು ಸೀಳಬಹುದು. ಮೆಂಥಾಲ್ ಘಾಟು ಇನ್ನೂ ಇದ್ದರೆ 250 ಮಿ.ಲೀ. ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ, ಬಿಡಿಭಾಗಗಳನ್ನು ಅರ್ಧ ಗಂಟೆ ನೆನೆಸಿ, ಚೆನ್ನಾಗಿ ಜಾಲಿಸಿ. ರಾತ್ರಿಯಿಡೀ ಒಣಗಲಿ.

ಇಷ್ಟಾದರೂ ಓ-ರಿಂಗ್ ಮೂಸಿದಾಗ ಮೆಂಥಾಲ್ ಬಂದರೆ ಅದನ್ನು ಉಳಿಸಿಕೊಳ್ಳುವ ಪ್ರಯತ್ನ ಬೇಡ, ಕಿಟ್‌ನಲ್ಲಿ ಕೊಟ್ಟಿರುವ ಹೆಚ್ಚುವರಿ ರಿಂಗ್ ಹಾಕಿ. ಹೊಸ ಕಾಯಿಲ್‌ನ ಹತ್ತಿ ಕಾಣುವ ತೂತುಗಳಿಗೆ ಮೂರ್ನಾಲ್ಕು ಹನಿ ಬಿಟ್ಟು, ಟ್ಯಾಂಕ್ ತುಂಬಿಸಿ, 10 ನಿಮಿಷ ಸುಮ್ಮನಿಡಿ. ಆತುರಕ್ಕೆ ಎಳೆದರೆ ಒಣ ಹತ್ತಿ ಸುಟ್ಟು, ಆ ಕರಕಲು ರುಚಿ ಕಾಯಿಲ್ ಬದಲಿಸುವವರೆಗೂ ಹೋಗಲ್ಲ.

ಪ್ರಶ್ನೆ: ಹಳೇ ಕಾಯಿಲ್ಲನ್ನೇ ವೋಡ್ಕಾದಲ್ಲಿ ನೆನೆಸಿ ಮತ್ತೆ ಬಳಸಬಹುದಾ? ಒಂದೊಂದು ಸಲಕ್ಕೂ ಹೊಸದು ದುಬಾರಿ.

ಉತ್ತರ: ರೆಡಿಮೇಡ್ ಕಾಯಿಲ್ ಆದರೆ ಶ್ರಮ ದಂಡ. ಒಳಗಿನ ಹತ್ತಿ ಪೂರ್ತಿ ಒಣಗೋದು ನಿಧಾನ, ಸಿಹಿ ಲಿಕ್ವಿಡ್‌ನ ಸುಕ್ರಲೋಸ್ ತಂತಿಯ ಮೇಲೆ ಕಪ್ಪಗೆ ಅಂಟಿದ್ದು ತೊಳೆದರೂ ಹೋಗಲ್ಲ. ನೀವೇ ತಂತಿ ಸುತ್ತುವ ಟ್ಯಾಂಕಾದರೆ ಬೇರೆ ಮಾತು: ಹತ್ತಿ ಮಾತ್ರ ಬದಲಿಸಿ. ಇನ್ನು ಪ್ಲಾಸ್ಟಿಕ್ ಟ್ಯಾಂಕಿಗೆ ಆಲ್ಕೋಹಾಲ್ ತಾಗಿಸಲೇಬೇಡಿ, ಅಕ್ರಿಲಿಕ್ ಬಿರುಕು ಬಿಡುತ್ತೆ. ದಾಲ್ಚಿನ್ನಿ, ನಿಂಬೆಜಾತಿಯ ಲಿಕ್ವಿಡ್‌ಗಳಿಂದಲೂ ಕೆಲವು ಪ್ಲಾಸ್ಟಿಕ್ ಒಡೆಯುತ್ತವೆ.

ಖರ್ಚು ಕಡಿಮೆಯಾಗಬೇಕು ಅಂದರೆ ಕ್ರಮ ಬದಲಿಸಿ. ಕಾಯಿಲ್ ಹೊಸದಿದ್ದಾಗ ತಂಬಾಕು ಅಥವಾ ತೆಳು ಹಣ್ಣಿನದು, ಅದರ ಕೊನೆಗಾಲಕ್ಕೆ ಮೆಂಥಾಲ್. ಆಮೇಲೆ ಕಾಯಿಲ್ ಹೇಗೂ ಎಸೆಯೋದೇ. ಪಾಡ್ (ಟ್ಯಾಂಕಿನ ಬದಲು ಸಿಕ್ಕಿಸುವ ಚಿಕ್ಕ ಲಿಕ್ವಿಡ್ ಡಬ್ಬಿ) ಬಳಸುವವರು ಮೆಂಥಾಲ್‌ಗೆ ಅಂತಲೇ ಒಂದು ಪಾಡ್ ಗುರುತು ಹಾಕಿ ಇಟ್ಟುಬಿಡಿ. ಕಾಯಿಲ್ ಕೂಡಿಕೊಂಡೇ ಬರುವ ಪಾಡ್ ಬಿಚ್ಚಿ ತೊಳೆಯಲು ಆಗಲ್ಲ.

ಪ್ರಶ್ನೆ: ಎಲ್ಲ ಹೊಸದೇ ಹಾಕಿದ್ದೀನಿ, ಆದರೂ ಮಾವಿನ ರುಚಿ ಸಪ್ಪೆ. ಮೆಂಥಾಲ್ ಕೂಡ ಬರ್ತಿಲ್ಲ.

ಉತ್ತರ: ಅದು ಉಳಿದ ವಾಸನೆ ಅಲ್ಲ, ನಿಮ್ಮ ಮೂಗು ಅದೇ ಪರಿಮಳಕ್ಕೆ ಒಗ್ಗಿಹೋಗಿರಬಹುದು. ಬಾಟಲಿ ಮುಚ್ಚಳ ತೆಗೆದು ಬೇರೆಯವರಿಗೆ ಮೂಸಲು ಕೊಡಿ. ಅವರಿಗೆ ಜೋರಾಗಿ ಬಂದರೆ ಲಿಕ್ವಿಡ್ ಸರಿ ಇದೆ. ನೀರು ಜಾಸ್ತಿ ಕುಡಿಯಿರಿ, ಎರಡು ಮೂರು ದಿನ ಬೇರೆ ಫ್ಲೇವರ್ ಹಾಕಿ ನೋಡಿ. ರುಚಿ ಸಿಗ್ತಿಲ್ಲ ಅಂತ ವ್ಯಾಟ್ ಏರಿಸಬೇಡಿ.

ಪ್ರಶ್ನೆ: ರಜೆಗೆ ಬೆಂಗಳೂರಿಗೆ ಹೊರಟಿದ್ದೀನಿ. ಅಲ್ಲಿ ಕಾಯಿಲ್ ಸಿಗುತ್ತಾ, ಇಲ್ಲಿಂದಲೇ ಒಯ್ಯಲಾ?

ಉತ್ತರ: ಎರಡೂ ಬೇಡ. ಭಾರತದಲ್ಲಿ 2019ರ ಕಾಯ್ದೆ ಪ್ರಕಾರ ಇ-ಸಿಗರೇಟಿನ ಆಮದು, ಮಾರಾಟ ನಿಷಿದ್ಧ. ಮೊದಲ ಸಲವೇ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಬಿಡಿಭಾಗಗಳಿಗೂ ಅದೇ ನಿಷೇಧ, ಹಾಗಾಗಿ ಕಾಯಿಲ್ ಸಹ ಪೆಟ್ಟಿಗೆಗೆ ಹಾಕಬೇಡಿ. ಸಾಧನ ಮನೆಯಲ್ಲೇ ಬಿಟ್ಟು ಹೋಗಿ, ಹೋಗುವ ಮುಂಚೆ ಟ್ಯಾಂಕ್ ಖಾಲಿ ಮಾಡಿ ತೊಳೆದಿಡಿ.