ಓಡುತ್ತಿರುವ ವಿಎಂಗಳನ್ನು ನಿಲ್ಲಿಸದೆ ಓಪನ್‌ಸ್ಟ್ಯಾಕ್ ಅಪ್‌ಗ್ರೇಡ್ ಮಾಡುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದಿಂದ)

ನಮಸ್ಕಾರ. ಇಲ್ಲಿನ ಕಾಲೇಜೊಂದರ ಸರ್ವರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದೇನೆ. ಉಬುಂಟು 22.04ರ ಮೇಲೆ, ಸ್ವಂತ ಕ್ಲೌಡ್ ನಡೆಸುವ ತಂತ್ರಾಂಶವಾದ ಓಪನ್‌ಸ್ಟ್ಯಾಕ್ 2023.1 ಇದೆ: ಎಲ್ಲವನ್ನೂ ನಿರ್ವಹಿಸುವ ಒಂದು ಕಂಟ್ರೋಲರ್, ವಿಎಂಗಳನ್ನು ಓಡಿಸುವ ಮೂರು ಕಂಪ್ಯೂಟ್ ನೋಡ್, ಸುಮಾರು ನಲವತ್ತು ವಿಎಂ (ವರ್ಚುವಲ್ ಯಂತ್ರ). ನೋಡ್‌ಗಳಲ್ಲಿ ಒಂದರ ಪ್ರೊಸೆಸರ್ ಹಳೆಯದು. ವಿಎಂಗಳ ಡಿಸ್ಕ್ ಆಯಾ ನೋಡ್‌ನಲ್ಲಿಯೇ ಇದೆ. ಪ್ರವೇಶಾತಿ ನಡೆಯುತ್ತಿರುವುದರಿಂದ ಸೇವೆ ನಿಲ್ಲಿಸುವಂತಿಲ್ಲ. 2025.1ಕ್ಕೆ ಹೋಗುವುದು ಹೇಗೆ?

ಉತ್ತರ (ಸಾಗರದಿಂದ)

ಒಂದೇ ನೆಗೆತದಲ್ಲಿ ಹೋಗಲಾಗದು, ಮೊದಲು 2024.1, ಅನಂತರ 2025.1. ಪ್ರತಿ ವಿಎಂ ಕೂಡ ಹೋಸ್ಟ್ ಮೇಲೆ ಓಡುವ ಪ್ರತ್ಯೇಕ ಕ್ಯೂಎಮು (ಯಂತ್ರವನ್ನು ಅನುಕರಿಸುವ ತಂತ್ರಾಂಶ) ಪ್ರೋಸೆಸ್ ಆಗಿರುವುದರಿಂದ, ವಿಎಂಗಳನ್ನು ನಿರ್ವಹಿಸುವ ನೋವಾ ಸೇವೆಗಳನ್ನು ನಿಲ್ಲಿಸಿ ಹೊಸದನ್ನು ಹಾಕಿದರೂ ಅದು ಓಡುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ಹೊಸ ವಿಎಂ ಸೃಷ್ಟಿಸಲಾಗದು, ಅಷ್ಟೆ. ಡೇಟಾಬೇಸ್ ಬ್ಯಾಕಪ್ ತೆಗೆದು ಕಂಟ್ರೋಲರನ್ನು ಮೊದಲು, ಕಂಪ್ಯೂಟ್ ನೋಡ್‌ಗಳನ್ನು ಆಮೇಲೆ ಏರಿಸಿ. ಮೂರೂ ನೋಡ್‌ಗಳು 2024.1ಕ್ಕೆ ಬಂದು, ಆನ್‌ಲೈನ್ ಡೇಟಾ ಮೈಗ್ರೇಷನ್ (ಡೇಟಾಬೇಸಿನ ಹಳೆಯ ದಾಖಲೆಗಳನ್ನು ಹೊಸ ರೂಪಕ್ಕೆ ಬದಲಿಸುವುದು) ಮುಗಿಯುವವರೆಗೆ ಎರಡನೆಯ ನೆಗೆತಕ್ಕೆ ಕೈಹಾಕಬೇಡಿ.

ಉತ್ತರ (ತೀರ್ಥಹಳ್ಳಿಯಿಂದ)

ಮೇಲಿನ ಮಾತು ಸರಿ, ಆದರೆ ನಿಜವಾದ ಕಷ್ಟ ಇರುವುದು ಆ ಎರಡು ನೆಗೆತಗಳ ನಡುವೆ. ಉಬುಂಟು 22.04ಕ್ಕೆ ಸಿಗುವ ಕೊನೆಯ ಆವೃತ್ತಿ 2024.1, 2025.1 ಬೇಕೆಂದರೆ 24.04 ಬೇಕು, ಅಂದರೆ ಹೋಸ್ಟ್‌ಗಳನ್ನು ರೀಬೂಟ್ ಮಾಡಲೇಬೇಕು. ಆದ್ದರಿಂದ ಲೈವ್ ಮೈಗ್ರೇಷನ್ ಮಾಡಿ, ಅಂದರೆ ಓಡುತ್ತಿರುವ ವಿಎಂಗಳನ್ನು ನಿಲ್ಲಿಸದೆ ಬೇರೆ ನೋಡ್‌ಗೆ ಸಾಗಿಸಿ, ನೋಡ್‌ಗಳನ್ನು ಒಂದೊಂದಾಗಿ ಖಾಲಿ ಮಾಡಬೇಕಾಗುತ್ತದೆ.

ಹಳೆಯ ಪ್ರೊಸೆಸರಿನಿಂದ ಹೊಸದಕ್ಕೆ ವಿಎಂ ಸಾಗುತ್ತದೆ, ಹೊಸದರಿಂದ ಹಳೆಯದಕ್ಕೆ ಸಾಮಾನ್ಯವಾಗಿ ಸಾಗದು. ಹಾಗೆಯೇ 22.04ರಿಂದ 24.04ಕ್ಕೆ ಹೋದ ವಿಎಂ ಹಿಂದಿರುಗುತ್ತದೆಂದು ನೆಚ್ಚಿಕೊಳ್ಳಬಾರದು. ಹೀಗಾಗಿ ಯಾವುದೋ ಒಂದು ಹಂತದಲ್ಲಿ ಒಂದೇ ಹೊಸ ನೋಡ್ ಎಲ್ಲ ನಲವತ್ತನ್ನೂ ಹೊರಬೇಕಾದೀತು. ಅದರ ಮೆಮೊರಿ ಮತ್ತು ಡಿಸ್ಕಿನಲ್ಲಿ ಅಷ್ಟು ಜಾಗವಿದೆಯೇ ಎಂದು ಮೊದಲು ಲೆಕ್ಕ ಹಾಕಿ. ಡಿಸ್ಕ್ ಕೂಡ ಸಾಗಬೇಕಾದ್ದರಿಂದ 1 ಗಿಗಾಬಿಟ್ ಜಾಲದಲ್ಲಿ 100 ಜಿಬಿಗೆ ಸುಮಾರು ಕಾಲು ಗಂಟೆ ಬೇಕು.

ಪೋಸ್ಟ್-ಕಾಪಿ (ವಿಎಂ ಅನ್ನು ಮೊದಲು ಹೊಸ ನೋಡ್‌ನಲ್ಲಿ ಓಡಿಸಿ, ಉಳಿದ ಮೆಮೊರಿಯನ್ನು ಆಮೇಲೆ ತರುವ ವಿಧಾನ) ಬಳಸಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮಾಮೂಲಿ ಮೈಗ್ರೇಷನ್ ನಡುವೆ ಜಾಲ ಕಡಿದರೆ ವಿಎಂ ಮೂಲ ನೋಡ್‌ನಲ್ಲಿಯೇ ಉಳಿಯುತ್ತದೆ. ಪೋಸ್ಟ್-ಕಾಪಿಯಲ್ಲಿ ಮೆಮೊರಿ ಎರಡೂ ಕಡೆ ಹಂಚಿಹೋಗಿ ವಿಎಂ ಸತ್ತೇಹೋಗುತ್ತದೆ. ಆಷಾಢದ ಮಳೆಯಲ್ಲಿ ನಮ್ಮ ಕಡೆಯ ಕರೆಂಟನ್ನು ನಂಬಿ ಇಂಥ ಕೆಲಸಕ್ಕೆ ಇಳಿಯಲಾಗದು.

ಪ್ರಶ್ನೆ ಕೇಳಿದವರು

ಲೆಕ್ಕ ಹಾಕಿದೆ. ಒಂದು ನೋಡ್ ಮೂವತ್ತನ್ನು ಮಾತ್ರ ತಾಳುತ್ತದೆ. ಲ್ಯಾಬಿನ ಹನ್ನೆರಡು ವಿಎಂಗಳನ್ನು ರಾತ್ರಿ ನಿಲ್ಲಿಸಬಹುದು. ವಿಎಂಗಳನ್ನು ಹೊರಜಾಲಕ್ಕೆ ಜೋಡಿಸುವ ವರ್ಚುವಲ್ ರೌಟರ್‌ಗಳೆಲ್ಲ ಕಂಟ್ರೋಲರಿನಲ್ಲೇ ಇವೆ, ಅದರಿಂದ ತೊಂದರೆಯಿದೆಯೇ?

ಉತ್ತರ (ತೀರ್ಥಹಳ್ಳಿಯಿಂದ)

ಖಂಡಿತ ಇದೆ. ಕಂಟ್ರೋಲರ್ ರೀಬೂಟ್ ಆಗುವಷ್ಟು ಹೊತ್ತು ವಿಎಂಗಳು ಓಡುತ್ತಿದ್ದರೂ ಫ್ಲೋಟಿಂಗ್ ಐಪಿಯ (ಹೊರಗಿನಿಂದ ವಿಎಂ ತಲುಪುವ ವಿಳಾಸ) ಮೂಲಕ ಯಾರಿಗೂ ಸಿಗುವುದಿಲ್ಲ. ಇನ್ನೊಂದು ಯಂತ್ರದಲ್ಲಿ ಎಲ್3 ಏಜೆಂಟ್ (ರೌಟರ್‌ಗಳನ್ನು ನಡೆಸುವ ಸೇವೆ) ಹಾಕಿ, ರೌಟರ್‌ಗಳನ್ನು ಅಲ್ಲಿಗೆ ಮೊದಲೇ ಸಾಗಿಸಿ. ಆಗ ಅಡಚಣೆ ಕೆಲವು ಕ್ಷಣಗಳಿಗೆ ಇಳಿಯುತ್ತದೆ. ಲ್ಯಾಬಿನ ವಿಎಂಗಳನ್ನು ನಿಲ್ಲಿಸಿದ ಮೇಲೆ ಕೋಲ್ಡ್ ಮೈಗ್ರೇಷನ್ (ನಿಂತ ವಿಎಂ ಅನ್ನು ಸಾಗಿಸುವುದು) ಮಾಡಿ, 24.04ಕ್ಕೆ ಏರಿಸಿದ ಹಳೆಯ ನೋಡ್‌ಗೆ ಕಳಿಸಿಬಿಡಿ. ಬೆಳಗಿನ ತರಗತಿಯ ಹೊತ್ತಿಗೆ ಅಲ್ಲಿಯೇ ಓಡುತ್ತಿರುತ್ತವೆ.